ನಾಲ್ಕು ತಂತಿಗೆ ಎರಡು ಪೆಟ್ಟಿಗೆ

ಎರಡನೇ ಆಂಪ್ಲಿಫೈಯರ್ ಆನ್ ಮಾಡಿದ ತಕ್ಷಣ ನನ್ನ ಬೇಸ್ ಗಿಟಾರಿನ ಬೇಸ್ ಕಾಣೆಯಾಯಿತು.

ಸದ್ದೇ ನಿಂತಿತು ಅಂತಲ್ಲ. ತಂತಿಯ ಮೇಲೆ ಬೆರಳು ಜಾರುವ ಸದ್ದು ಇತ್ತು. ಫ್ರೆಟ್‌ಗೆ ತಂತಿ ತಾಗಿ ಟಣ್ ಅನ್ನುವುದೂ ಇತ್ತು. ಹೊಟ್ಟೆಗೆ ಬಂದು ತಾಗುವ ಆ ಗುಮ್ಮು ಮಾತ್ರ ಇರಲಿಲ್ಲ. ಒಂದೇ ಆಂಪ್ ಇದ್ದಾಗ ನೆಲ ನಡುಗುತ್ತಿತ್ತು. ಪಕ್ಕಕ್ಕೆ ಇನ್ನೊಂದು ಆಂಪ್, ಇನ್ನೊಂದು ಕ್ಯಾಬಿನೆಟ್, ಅಂದರೆ ಸ್ಪೀಕರ್ ಪೆಟ್ಟಿಗೆ, ಬಂದು ಕೂತ ಮೇಲೆ ಸೊಳ್ಳೆ ಹಾಡಿದ ಹಾಗೆ ಕೇಳಿಸಿತು. ನಮ್ಮ ಡ್ರಮ್ಮರ್ ಸ್ಟಿಕ್ ಕೆಳಗಿಟ್ಟು ಕೇಳಿದ, "ಮಗಾ, 18 ಸಾವಿರ ಕೊಟ್ಟು ತಂದಿದ್ದು ಇದಕ್ಕಾ?"

ನಾವು ಪ್ರಾಕ್ಟೀಸ್ ಮಾಡುವುದು ಬೆಂಗಳೂರಿನ ಒಂದು ಹಳೇ ಬಡಾವಣೆಯಲ್ಲಿ, ಮನೆಯೊಂದರ ಕೆಳಗಿನ ಕೋಣೆಯಲ್ಲಿ. ಮೇಲೆ ಓನರ್ ಆಂಟಿ ಇರುತ್ತಾರೆ. ನಾನು ಎ ತಂತಿಯನ್ನು ಸುಮ್ನೆ ಮೀಟಿದರೂ ಸಾಕು, ಅವರ ಅಡುಗೆಮನೆಯ ಸ್ಟೀಲ್ ಡಬ್ಬಿಗಳು ಮಾತಾಡಲು ಶುರು ಮಾಡುತ್ತವೆ. ಆ ಕಾರಣಕ್ಕೇ ಸಂಜೆ ಏಳಕ್ಕೆ ಮುಗಿಸಬೇಕು ಅನ್ನುವ ಕರಾರು. ಅವತ್ತು ಆಂಟಿ ಮೆಟ್ಟಿಲ ಮೇಲಿಂದ ಬಗ್ಗಿ ವಿಚಾರಿಸಿಕೊಂಡರು: "ಏನಪ್ಪಾ, ಇವತ್ತು ಡಬ್ಬಿಗಳು ಸುಮ್ನಿವೆ? ಹುಷಾರಾಗಿದೀರ ತಾನೇ?"

ಹುಷಾರಾಗಿಯೇ ಇದ್ದೆ. ತಲೆ ಮಾತ್ರ ಕೆಟ್ಟಿತ್ತು.

ಒಂದು ಬೇಸ್ ಗಿಟಾರಿಗೆ ಎರಡು ಆಂಪ್ ಯಾಕೆ ಬೇಕು ಅಂತ ನೀವು ಕೇಳಬಹುದು. ನಮ್ಮ ಮನೆಯಲ್ಲೂ ಕೇಳಿದರು, ಬೇರೆ ದನಿಯಲ್ಲಿ. ನಮ್ಮ ಬ್ಯಾಂಡಿನಲ್ಲಿ ಇರುವುದು ಮೂರೇ ಜನ. ಡ್ರಮ್ಸ್, ಗಿಟಾರ್, ನಾನು. ಗಿಟಾರ್‌ನವನು ಸೋಲೋಗೆ ಅಂತ ಮೇಲಕ್ಕೆ ಹತ್ತಿದ ಕೂಡಲೇ ಹಾಡಿನ ನಡುವೆ ಒಂದು ದೊಡ್ಡ ಗುಂಡಿ ಬೀಳುತ್ತದೆ. ಅದನ್ನು ತುಂಬಲು ನಾನು ಬೇಸ್‌ಗೆ ಸದ್ದನ್ನು ಬೇಕಂತಲೇ ಒಡೆದು ಒರಟು ಮಾಡುವ ಡಿಸ್ಟಾರ್ಷನ್ ಪೆಡಲ್ ಹಾಕಿದೆ. ಗುಂಡಿ ತುಂಬಿತು, ನೆಲ ಕುಸಿಯಿತು. ಡಿಸ್ಟಾರ್ಷನ್ ಒತ್ತಿದಾಗಲೆಲ್ಲ ಮಂದ್ರ ಹೋಗಿಬಿಡುತ್ತಿತ್ತು.

ಇದು ಪೆಡಲ್‌ನ ತಪ್ಪಲ್ಲ. ಗಿಟಾರಿನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸುತ್ತದೆ. ಬೇಸ್‌ನ ಇ ತಂತಿ ಅದರ ಅರ್ಧ, 41 ಸಲ. ಗಿಟಾರಿಗಾಗಿ ಮಾಡಿದ ಪೆಡಲ್‌ಗಳು ಕೆಳಗಿನದನ್ನು ಬಾಗಿಲಲ್ಲೇ ಕತ್ತರಿಸಿ ಒಳಗೆ ಬಿಡುವುದೇ ಹೆಚ್ಚು. ಕತ್ತರಿಸದೆ ಬಿಟ್ಟರೆ ಇನ್ನೊಂದು ತೊಂದರೆ. ಮಂದ್ರದ ಅಲೆಯೇ ಎಲ್ಲಕ್ಕಿಂತ ದೊಡ್ಡದು. ಮೊದಲು ಅದೇ ಹೋಗಿ ಗೋಡೆಗೆ ಗುದ್ದುತ್ತದೆ, ಉಳಿದದ್ದನ್ನೆಲ್ಲ ಕಲಸಿ ಅಂಬಲಿ ಮಾಡುತ್ತದೆ.

ಸ್ಪೀಕರಿನ ಕಷ್ಟವೂ ಅಷ್ಟಿಷ್ಟಲ್ಲ. ಒಂದು ಸ್ವರವನ್ನು ಅಷ್ಟೇ ಜೋರಾಗಿ, ಒಂದು ಸ್ಥಾಯಿ ಕೆಳಗೆ ನುಡಿಸಬೇಕಾದರೆ ಸ್ಪೀಕರಿನ ಕೋನ್ ನಾಲ್ಕು ಪಟ್ಟು ಜಾಸ್ತಿ ಹಿಂದೆ ಮುಂದೆ ಓಡಾಡಬೇಕು. ಎರಡು ಸ್ಥಾಯಿ ಕೆಳಗಾದರೆ ಹದಿನಾರು ಪಟ್ಟು. ಅದೇ ಕೋನ್ ಅದೇ ಹೊತ್ತಿಗೆ ಬೆರಳಿನ ಸಣ್ಣ ಸದ್ದನ್ನೂ ಹೇಳಬೇಕು. ಜೋರಾಗಿ ತೂಗುತ್ತಿರುವ ಉಯ್ಯಾಲೆಯ ಮೇಲೆ ಕೂತು ಸೂಜಿಗೆ ದಾರ ಪೋಣಿಸಿದ ಹಾಗೆ. ಹಾಗಾದರೆ ಉಯ್ಯಾಲೆ ಒಬ್ಬರಿಗಿರಲಿ, ಸೂಜಿ ಇನ್ನೊಬ್ಬರಿಗೆ ಕೊಡೋಣ ಅಂತ ಅನ್ನಿಸುವುದು ಸಹಜ, ಅಲ್ವಾ?

ಈ ಹಂಚಿಕೆ ನನಗೆ ಹೊಸದೇನಲ್ಲ ಅಂತ ಆಮೇಲೆ ಹೊಳೆಯಿತು. ನನ್ನ ಸೋದರಮಾವ ಮೃದಂಗ ನುಡಿಸುತ್ತಿದ್ದರು. ಕಚೇರಿ ಇದ್ದ ದಿನ ಮನೆಯಲ್ಲಿ ರವೆ ಕಲಸುತ್ತಿದ್ದರು. ಉಪ್ಪಿಟ್ಟಿಗಲ್ಲ, ಮೃದಂಗದ ಎಡಕ್ಕೆ ಮೆತ್ತಲು. ಬಲಕ್ಕೆ ಕಪ್ಪನೆಯ ಕರಣೆ, ಅದು ಅಲ್ಲಿಯೇ ಇರುತ್ತದೆ. ಎಡಕ್ಕೆ ಮಾತ್ರ ಪ್ರತಿ ಸಲ ಹಸಿ ರವೆ, ಕಚೇರಿ ಮುಗಿದ ಮೇಲೆ ಕೆರೆದು ತೆಗೆಯಬೇಕು. ರವೆಯ ತೂಕಕ್ಕೆ ಎಡ ಇಳಿಯುತ್ತದೆ, ಗುಂ ಅನ್ನುತ್ತದೆ. ಬಲ ಶ್ರುತಿ ಹಿಡಿದು ಟಣಟಣ ಮಾತಾಡುತ್ತದೆ. ವಾದ್ಯ ಒಂದೇ, ಆಳಿಗೊಂದು ಕೆಲಸ. "ರವೆ ಜಾಸ್ತಿ ಆದ್ರೆ ಮಾತು ಹೋಗುತ್ತೆ ಕಣೋ, ಕಮ್ಮಿ ಆದ್ರೆ ಎದೆ ಹೋಗುತ್ತೆ," ಅಂತ ಬೆರಳಲ್ಲಿ ಒಂದು ಚೂರು ತೆಗೆಯುವುದು, ಮತ್ತೆ ಒಂದು ಚೂರು ಅಂಟಿಸುವುದು. ಹತ್ತು ನಿಮಿಷ ಇದೇ ನಡೆಯುತ್ತಿತ್ತು. ನಾನು ಈಗ ಎರಡು ಆಂಪ್‌ಗಳ ನಾಬ್ ತಿರುಗಿಸುತ್ತಾ ಕೂತಾಗ ಮಾಡುವುದೂ ಹೆಚ್ಚು ಕಮ್ಮಿ ಅದನ್ನೇ. ರವೆಯ ಘಮ ಇರುವುದಿಲ್ಲ, ಅಷ್ಟೇ.

ಬೇಸ್ ಗಿಟಾರಿನವರು ಈ ದಾರಿಗೆ ಬಂದದ್ದು ಹೊಟ್ಟೆಕಿಚ್ಚಿನಿಂದ ಅಂತ ನನ್ನ ಅನುಮಾನ. ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ತಂದರು. ಮರುವರ್ಷ ಅದಕ್ಕಂತಲೇ ಬೇಸ್‌ಮನ್ ಅನ್ನುವ ಆಂಪ್ ಬಂತು. ಆಮೇಲೆ ಆದದ್ದು ನೋಡಿ. ಆ ಬೇಸ್‌ಮನ್ ಗಿಟಾರಿನವರಿಗೆ ಇಷ್ಟವಾಗಿ ಅವರೇ ಹೊತ್ತುಕೊಂಡು ಹೋದರು. ಲಂಡನ್ನಿನ ಹ್ಯಾನ್‌ವೆಲ್‌ನಲ್ಲಿ ಅಂಗಡಿ ಇಟ್ಟಿದ್ದ ಜಿಮ್ ಮಾರ್ಷಲ್ ಮತ್ತು ಅವರ ಜೊತೆಗಾರರು 60ರ ದಶಕದ ಆರಂಭದಲ್ಲಿ ತಮ್ಮ ಮೊದಲ ಆಂಪ್ ಮಾಡಿದಾಗ ಮುಂದಿಟ್ಟುಕೊಂಡದ್ದು ಅದೇ ಬೇಸ್‌ಮನ್‌ನ ಸರ್ಕ್ಯೂಟನ್ನು. ಅಂದರೆ ರಾಕ್ ಗಿಟಾರಿನ ಗರ್ಜನೆ ಅಂತ ನಾವು ಕೊಂಡಾಡುವುದರ ಮೂಲ ಒಂದು ಬೇಸ್ ಆಂಪ್. ಈ ಮಾತನ್ನು ನಮ್ಮ ಗಿಟಾರಿಸ್ಟ್‌ಗೆ ತಿಂಗಳಿಗೊಮ್ಮೆಯಾದರೂ ನೆನಪಿಸುತ್ತೇನೆ.

ಆ ಅಂಗಡಿಯ ಗಿರಾಕಿಗಳಲ್ಲಿ 'ದ ಹೂ' ಬ್ಯಾಂಡಿನಲ್ಲಿ ಬೇಸ್ ನುಡಿಸುತ್ತಿದ್ದ ಜಾನ್ ಎಂಟ್ವಿಸಲ್ ಒಬ್ಬರು. ಅವರ ಪಾಡು ನೆನೆಸಿಕೊಳ್ಳಿ. ಒಂದು ಪಕ್ಕ ಪೀಟ್ ಟೌನ್ಸೆಂಡ್‌ನ ಗಿಟಾರ್, ಹಿಂದೆ ಕೀತ್ ಮೂನ್‌ನ ಡ್ರಮ್ಸ್. ಎಂಟ್ವಿಸಲ್ ದೊಡ್ಡ ಕ್ಯಾಬಿನೆಟ್ ತಂದರೆ ಟೌನ್ಸೆಂಡ್ ಅದಕ್ಕಿಂತ ದೊಡ್ಡದು ತರುವುದು, ಇವರು ಮತ್ತೂ ದೊಡ್ಡದು. ಅಕ್ಕಪಕ್ಕದ ಮನೆಯವರು ಕಾಂಪೌಂಡ್ ಎತ್ತರಿಸಿದ ಹಾಗೆ. 1976ರ ಮೇ 31ರಂದು ಲಂಡನ್ನಿನ ಚಾರ್ಲ್‌ಟನ್ ಫುಟ್‌ಬಾಲ್ ಮೈದಾನದಲ್ಲಿ ಅವರ ಸದ್ದನ್ನು ಅಳೆದಾಗ 32 ಮೀಟರ್ ದೂರದಲ್ಲಿ 126 ಡೆಸಿಬೆಲ್ ಬಂತು. ಗಿನ್ನೆಸ್ ಪುಸ್ತಕದಲ್ಲಿ ದಾಖಲೆಯಾಯಿತು. ಆದರೆ ನನಗೆ ಎಂಟ್ವಿಸಲ್ ಇಷ್ಟವಾಗುವುದು ಈ ಜೋರಿಗಲ್ಲ. ಜೋರು ಮಾಡುವುದಷ್ಟೇ ಪರಿಹಾರ ಅಲ್ಲ ಅಂತ ಅವರಿಗೆ ಗೊತ್ತಾಗಿತ್ತು. ಬೇಸ್‌ನ ಸದ್ದನ್ನೇ ಸೀಳಿ, ಕೆಳಗಿನ ಭಾಗಕ್ಕೆ ಒಂದು ಆಂಪ್, ಮೇಲಿನ ಭಾಗಕ್ಕೆ ಇನ್ನೊಂದು ಆಂಪ್ ಇಟ್ಟುಕೊಂಡರು. ಅವರ ಸದ್ದಿನಲ್ಲಿ ಪಿಯಾನೋ ತಂತಿ ಬಡಿದ ಹಾಗೆ ಒಂದು ಗಣಗಣ ಇದೆ. ಕೆಳಗೆ ಮಂದ್ರ ಅಲುಗದೆ ಕೂತಿರುವುದಕ್ಕೇ ಮೇಲೆ ಅದು ಅಷ್ಟು ಹಾರಾಡಬಹುದು.

ರಿಕನ್‌ಬ್ಯಾಕರ್ 4001 ಬೇಸ್‌ನಲ್ಲಿ ಈ ಸೀಳುವ ಏರ್ಪಾಡು ವಾದ್ಯದಲ್ಲೇ ಇತ್ತು. ತಂತಿಯ ಕಂಪನವನ್ನು ಹಿಡಿದು ಸಿಗ್ನಲ್ ಮಾಡುವ ಪಿಕಪ್ ಎರಡು, ಎರಡು ಪ್ರತ್ಯೇಕ ದಾರಿ. ಅಮೆರಿಕದ ಬೇಸ್ ವಾದಕ ಬಿಲ್ಲಿ ಶೀಹನ್ ಅದನ್ನು ತಮ್ಮ ಕೈಯಾರೆ ಮಾಡಿಕೊಂಡರು. ಪ್ರಿಸಿಷನ್ ಬೇಸ್‌ನ ಮರವನ್ನು ಕೊರೆದು, ಕುತ್ತಿಗೆಯ ಹತ್ತಿರ ಗಿಬ್ಸನ್ ಬೇಸಿನ ದಪ್ಪ ಪಿಕಪ್ ಕೂರಿಸಿದರು. ಅದಕ್ಕೆ ಬೇರೆಯೇ ಜಾಕ್. ಕುತ್ತಿಗೆಯ ಹತ್ತಿರ ತಂತಿ ಅಗಲವಾಗಿ ಅಲುಗುತ್ತದೆ, ಅಲ್ಲಿ ಆಳ ಸಿಗುತ್ತದೆ. ತಂತಿಯ ಇನ್ನೊಂದು ತುದಿಯ ಬ್ರಿಡ್ಜ್ ಕಡೆ ಬಂದಷ್ಟೂ ಮಾತು ಸ್ಪಷ್ಟ. ಆಳ ಒಂದು ಆಂಪ್‌ಗೆ, ಮಾತು ಇನ್ನೊಂದಕ್ಕೆ. ಮುಂದೆ ಯಮಹಾ ಕಂಪನಿ ಅವರಿಗಾಗಿ ಮಾಡಿದ ಆಟಿಟ್ಯೂಡ್ ಬೇಸ್‌ನಲ್ಲೂ ಎರಡು ಔಟ್‌ಪುಟ್ ಇದೆ.

ಇದರ ತುತ್ತತುದಿ ನೋಡಬೇಕಾದರೆ 1974ಕ್ಕೆ ಹೋಗಬೇಕು. ಅಮೆರಿಕದ 'ಗ್ರೇಟ್‌ಫುಲ್ ಡೆಡ್' ಬ್ಯಾಂಡ್ ಆ ವರ್ಷ ಹೊತ್ತು ತಿರುಗಿದ ಸ್ಪೀಕರ್ ಗೋಡೆಯಲ್ಲಿ, ಫಿಲ್ ಲೆಶ್ ಅವರ ಬೇಸ್‌ನ ಒಂದೊಂದು ತಂತಿಯನ್ನೂ ಬೇರೆ ಬೇರೆ ಸ್ಪೀಕರ್ ಸಾಲಿಗೆ ಕಳಿಸಬಹುದಿತ್ತು. ನಾಲ್ಕು ತಂತಿ, ನಾಲ್ಕು ದಾರಿ. ಅದೆಲ್ಲ ನಮ್ಮಂಥವರಿಗಲ್ಲ ಬಿಡಿ. ಸಾಗಿಸುವ ಲಾರಿ ಬಾಡಿಗೆಗೇ ಮನೆ ಮಾರಬೇಕು.

ಸರಿ, ನನ್ನ 18 ಸಾವಿರದ ಕಥೆಗೆ ಬರುತ್ತೇನೆ. ಮೊದಲೇ ಇದ್ದದ್ದು 15 ಇಂಚಿನ ಒಂದೇ ಸ್ಪೀಕರಿನ ಕ್ಯಾಬಿನೆಟ್ ಮತ್ತು ಒಂದು ಹೊಸ ಕಾಲದ ಹಗುರ ಹೆಡ್, ಅಂದರೆ ಸ್ಪೀಕರ್ ಇಲ್ಲದ ಬರೀ ಆಂಪ್. ಹೊಸದಾಗಿ ಬಂದದ್ದು 10 ಇಂಚಿನ ಎರಡು ಸ್ಪೀಕರ್ ಇರುವ ಕ್ಯಾಬಿನೆಟ್, ಅದರ ಜೊತೆ ಒಂದು ಹಳೇ ಹೆಡ್. ಊರು ಬಿಡುತ್ತಿದ್ದ ಒಬ್ಬರಿಂದ ಕೊಂಡದ್ದು. ಯಾರೋ ನಡುವೆ ಬಿಚ್ಚಿ ರಿಪೇರಿ ಮಾಡಿದ್ದರು, ಸ್ಕ್ರೂ ಒಂದೊಂದು ಒಂದೊಂದು ಥರ. ಒಂದು ಕವಲು ಕೇಬಲ್ ತಂದು, ಬೇಸ್‌ನಿಂದ ಎರಡೂ ಹೆಡ್‌ಗೆ ಕೊಟ್ಟೆ. ಬೇಸ್ ಕಾಣೆಯಾದದ್ದು ಆಗಲೇ.

ಒಂದೊಂದನ್ನೇ ಹಾಕಿ ನೋಡಿದೆ. ಮೊದಲೇ ಇದ್ದ ಜೋಡಿ ಒಂದೇ ಇದ್ದರೆ ಚೆನ್ನಾಗಿದೆ. ಈಗ ಕೊಂಡು ತಂದ ಜೋಡಿ ಒಂದೇ ಇದ್ದರೂ ಚೆನ್ನಾಗಿದೆ. ಎರಡೂ ಸೇರಿದರೆ ಮಂದ್ರ ಇಲ್ಲ. ನಮ್ಮ ಇಬ್ಬರು ಚಿಕ್ಕಪ್ಪಂದಿರು ಹೀಗೇ. ಬೇರೆ ಬೇರೆ ಕೂತಾಗ ಬಂಗಾರದಂಥ ಮಾತು, ಒಂದೇ ಪಂಕ್ತಿಯಲ್ಲಿ ಕೂರಿಸಿದರೆ ಮೌನ.

ರಾತ್ರಿ ಮಲಗಿದಾಗ ತಲೆಗೆ ಬಂತು. ಒಂದು ಸ್ಪೀಕರ್ ಗಾಳಿಯನ್ನು ಮುಂದಕ್ಕೆ ತಳ್ಳುವ ಹೊತ್ತಿಗೆ ಇನ್ನೊಂದು ಹಿಂದಕ್ಕೆ ಎಳೆಯುತ್ತಿದೆ. ಲೆಕ್ಕ ಸರಿಹೋಯಿತು, ಉಳಿದದ್ದು ಸೊನ್ನೆ. ಮಂದ್ರ ಮಾತ್ರ ಯಾಕೆ ಹೋಯಿತು? 41 ಹರ್ಟ್ಜ್‌ನ (ಸೆಕೆಂಡಿಗೆ 41 ಸಲ ಕಂಪಿಸುವ) ಒಂದು ಅಲೆ ಗಾಳಿಯಲ್ಲಿ ಸುಮಾರು 8.4 ಮೀಟರ್ ಉದ್ದ. ಅಷ್ಟು ಉದ್ದದ ಅಲೆಗೆ ಪಕ್ಕಪಕ್ಕದಲ್ಲಿ ಕೂತ ಎರಡು ಪೆಟ್ಟಿಗೆ ಅಂದರೆ ಒಂದೇ ಜಾಗ ಇದ್ದ ಹಾಗೆ. ಹೀಗಾಗಿ ಒಂದು ಕೊಟ್ಟದ್ದನ್ನು ಇನ್ನೊಂದು ಪೂರ್ತಿ ನುಂಗುತ್ತದೆ. ಮೇಲಿನ ಸ್ವರಗಳ ಅಲೆ ಗೇಣು, ಮೊಳದ ಲೆಕ್ಕದವು. ಅವು ಒಂದು ಕಡೆ ಹೊಡೆದುಕೊಂಡರೆ ಇನ್ನೊಂದು ಕಡೆ ಸೇರಿಕೊಳ್ಳುತ್ತವೆ, ಹೇಗೋ ಬದುಕಿಕೊಳ್ಳುತ್ತವೆ.

ಮರುದಿನ ಗಡಿಯಾರದ 1.5 ವೋಲ್ಟ್ ಸೆಲ್ ತೆಗೆದುಕೊಂಡು ಹೋದೆ. ಹಳೇ ಉಪಾಯ ಇದು. ಸ್ಪೀಕರ್ ಕೇಬಲ್‌ನ ಒಂದು ತುದಿ ಕ್ಯಾಬಿನೆಟ್‌ಗೆ, ಇನ್ನೊಂದು ತುದಿಗೆ ಸೆಲ್ ಮುಟ್ಟಿಸುವುದು. ಪ್ಲಸ್ಸಿಗೆ ಪ್ಲಸ್ ಸೇರಿದರೆ ಕೋನ್ ಟಪ್ ಅಂತ ಮುಂದೆ ಬರಬೇಕು. ಎರಡೂ ಕ್ಯಾಬಿನೆಟ್‌ಗಳಲ್ಲಿ ಮುಂದೆಯೇ ಬಂತು. ಸ್ಪೀಕರ್ ನಿರಪರಾಧಿ. ಹಾಗಾದರೆ ತಿರುಗಿಸುತ್ತಿರುವುದು ಹೆಡ್. ಆಂಪ್‌ನ ಒಳಗೆ ಸಿಗ್ನಲ್ ದೊಡ್ಡದಾಗುವ ಹಂತಗಳಲ್ಲಿ ಹಲವು ಅದನ್ನು ತಲೆಕೆಳಗು ಮಾಡುತ್ತವೆ. ಅಂಥ ಹಂತ ಎರಡಿದ್ದರೆ ಮತ್ತೆ ನೆಟ್ಟಗೆ. ಮೂರಿದ್ದರೆ ತಲೆಕೆಳಗಾಗಿಯೇ ಹೊರಗೆ ಬರುತ್ತದೆ. ಒಂದೇ ಆಂಪ್ ಇದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಅದಕ್ಕೇ ಅದನ್ನು ತಪ್ಪು ಅಂತಲೂ ಹೇಳಲು ಬರುವುದಿಲ್ಲ.

ಎಸ್.ಪಿ. ರಸ್ತೆಗೆ ಹೋಗಿ ದಪ್ಪ ವೈರು, ಎರಡು ಜಾಕ್ ತಂದೆ. ಒಂದು ತುದಿಯಲ್ಲಿ ಕೆಂಪು ಕಪ್ಪು ಅದಲು ಬದಲು ಮಾಡಿ ಬೆಸುಗೆ ಹಾಕಿದೆ. ಹಳೇ ಹೆಡ್‌ಗೆ ಆ ಕೇಬಲ್. ಯಾರೂ ಬೇರೆ ಕಡೆ ಬಳಸದಿರಲಿ ಅಂತ ಎರಡೂ ತುದಿಗೆ ಕೆಂಪು ಟೇಪ್ ಸುತ್ತಿದೆ. ಆನ್ ಮಾಡಿ ಇ ತಂತಿ ಮೀಟಿದೆ. ಕಿಟಕಿಯ ಗಾಜು ಗದಗದ ಅಂದಿತು. ಡ್ರಮ್ಮರ್ "ಬಂತು ಗುರೂ!" ಅಂದ. ಮೇಲೆ ಡಬ್ಬಿಗಳ ಸಭೆ ಸೇರಿತು. ಆಂಟಿ ಏನೂ ಕೇಳಲಿಲ್ಲ, ಕಾಲಿನಿಂದ ನೆಲಕ್ಕೆ ಎರಡು ಸಲ ಗುದ್ದಿದರು.

ನನ್ನ ಸಂತೋಷ ಹಾಡಿನ ನಡುವೆ ಕೈ ತೆಗೆಯುವವರೆಗೆ ಇತ್ತು. ಕೈ ತೆಗೆದರೆ ಒಂದು ಊಂ ಅನ್ನುವ ಗುಂಗು. ಎರಡೂ ಆಂಪ್ ಸೇರಿ ತಂಬೂರಿ ಹಿಡಿದಿದ್ದವು. ಮೊದಲ ದಿನದ ಗಾಬರಿಯಲ್ಲಿ ಇದು ನನ್ನ ಗಮನಕ್ಕೇ ಬಂದಿರಲಿಲ್ಲ. ನಮ್ಮ ದೇಶದ ಕರೆಂಟ್ ಸೆಕೆಂಡಿಗೆ 50 ಸಲ ಅತ್ತಿತ್ತ ಹೋಗುತ್ತದೆ. ಬೇಸ್‌ನಲ್ಲಿ ಇ ತಂತಿಯ ಮೂರನೇ ಫ್ರೆಟ್ ಒತ್ತಿದರೆ ಬರುವ ಜಿ ಸ್ವರ 49. ಅಂದರೆ ನಮ್ಮ ಕರೆಂಟು ಹಾಡುವುದು ಸ್ವಲ್ಪ ಏರಿದ ಜಿ ಶ್ರುತಿಯಲ್ಲಿ. ಜಿ ಯಲ್ಲಿ ಹಾಡು ಕಟ್ಟಿದರೆ ಗುಂಗು ಹಿನ್ನೆಲೆಯಲ್ಲಿ ಅಪಸ್ವರ ಹಿಡಿದು ಕಾಡುತ್ತದೆ. ಅಮೆರಿಕದಲ್ಲಿ 60 ಹರ್ಟ್ಜ್, ಅವರ ತಂಬೂರಿ ಎ ಶಾರ್ಪ್‌ಗೂ ಬಿ ಗೂ ನಡುವೆ ಎಲ್ಲೋ ಇರುತ್ತದೆ. ಅದು ಅವರ ಹಣೆಬರಹ.

ಕಾರಣ ಸರಳ. ಎರಡೂ ಆಂಪ್‌ಗಳು ಗೋಡೆಯ ಅರ್ಥಿಂಗ್ ಮೂಲಕ ಒಂದಕ್ಕೊಂದು ಸೇರಿವೆ. ಈಗ ನನ್ನ ಕವಲು ಕೇಬಲ್‌ನ ಹೊರಕವಚದ ಮೂಲಕವೂ ಸೇರಿಬಿಟ್ಟವು. ಒಂದು ಸುತ್ತು ಪೂರ್ತಿಯಾಯಿತು. ಆ ಸುತ್ತಿನಲ್ಲಿ ಕರೆಂಟಿನ ಗುಂಗು ಗಾಣದ ಎತ್ತಿನ ಹಾಗೆ ತಿರುಗುತ್ತದೆ.

ಇದಕ್ಕೆ ಒಬ್ಬರು ಹೇಳಿದ ಮದ್ದು: ಒಂದು ಆಂಪ್‌ನ ಪ್ಲಗ್ಗಿನ ದಪ್ಪ ಪಿನ್ ತೆಗೆದುಬಿಡು. ಗುಂಗು ನಿಲ್ಲುತ್ತದೆ, ನಿಜ. ಜೊತೆಗೆ ಏನಾದರೂ ಹೆಚ್ಚು ಕಮ್ಮಿ ಆದರೆ ನನ್ನ ಉಸಿರೂ ನಿಲ್ಲುತ್ತದೆ. 1972ರ ಮೇ ತಿಂಗಳಲ್ಲಿ ವೇಲ್ಸ್‌ನ ಸ್ವಾನ್ಸಿಯಲ್ಲಿ ಲೆಸ್ ಹಾರ್ವಿ ಎಂಬ ಗಿಟಾರಿಸ್ಟ್, ಅರ್ಥಿಂಗ್ ಸರಿಯಿಲ್ಲದ ಮೈಕ್ ಮುಟ್ಟಿ ವೇದಿಕೆಯ ಮೇಲೆಯೇ ತೀರಿಕೊಂಡರು. ವಯಸ್ಸು 27. ಬೇಸ್ ನುಡಿಸುವವನ ಕೈಯಲ್ಲಿ ಇರುವುದು ಉಕ್ಕಿನ ತಂತಿ, ಅದು ನೇರವಾಗಿ ಆಂಪ್‌ನ ಮೈಗೆ ಸೇರಿರುತ್ತದೆ. ತುಟಿ ಮೈಕಿನ ಹತ್ತಿರ. ನಮ್ಮ ಊರಿನ ವೈರಿಂಗ್ ನೋಡಿದವರು ಯಾರೂ ಆ ಪಿನ್ ಮುಟ್ಟಬಾರದು. ಈ ವಿಷಯದಲ್ಲಿ ನನಗೆ ತಮಾಷೆ ಬರುವುದಿಲ್ಲ.

ಸರಿಯಾದ ಮದ್ದು ಒಂದು ಸಣ್ಣ ಡಬ್ಬಿ. ಒಳಗೆ ಟ್ರಾನ್ಸ್‌ಫಾರ್ಮರ್ ಇರುವ ಸ್ಪ್ಲಿಟರ್. ಎರಡು ತಂತಿ ಸುರುಳಿ ಪಕ್ಕಪಕ್ಕ ಇರುತ್ತವೆ, ಒಂದನ್ನೊಂದು ಮುಟ್ಟುವುದಿಲ್ಲ. ಸಿಗ್ನಲ್ ದಾಟುತ್ತದೆ, ಸುತ್ತು ಮಾತ್ರ ತುಂಡಾಗುತ್ತದೆ. ಗೋಡೆಯ ಅರ್ಥಿಂಗ್ ಎರಡಕ್ಕೂ ಹಾಗೆಯೇ ಇರುತ್ತದೆ. ಅದೇ ಡಬ್ಬಿಯಲ್ಲಿ ಸಿಗ್ನಲ್ಲಿಗೆ ಬಲ ಕೊಡುವ ಬಫರ್ ಕೂಡ ಇತ್ತು. ಕವಲು ಕೇಬಲ್ ಹಾಕಿದಾಗ ಬೇಸ್‌ನ ಪಿಕಪ್ ಎರಡೆರಡು ಆಂಪ್‌ಗಳನ್ನು ಒಬ್ಬನೇ ಎಳೆಯಬೇಕು. ಆ ಸುಸ್ತಿಗೆ ಮೇಲಿನ ಹೊಳಪು ಸ್ವಲ್ಪ ಕಮ್ಮಿಯಾಗುತ್ತದೆ. ಬಫರ್ ಬಂದ ಮೇಲೆ ಅದೂ ಸರಿಹೋಯಿತು. ಸ್ಪ್ಲಿಟರ್‌ಗೆ ಕೊಟ್ಟ ದುಡ್ಡನ್ನು ಮನೆಯಲ್ಲಿ ಹೇಳಿಲ್ಲ. ಇಲ್ಲೂ ಬರೆಯುವುದಿಲ್ಲ.

ಇನ್ನೊಂದು ಮಾತು ಸೇರಿಸಿಬಿಡುತ್ತೇನೆ, ಯಾರಾದರೂ ಹುಡುಗರು ಓದುತ್ತಿದ್ದರೆ. ಎರಡು ಆಂಪ್‌ಗಳ ಔಟ್‌ಪುಟ್ಟನ್ನು ಒಂದೇ ಕ್ಯಾಬಿನೆಟ್‌ಗೆ ತುರುಕಬೇಡಿ. ಸ್ಪೀಕರಿಗೆ ಮೊದಲು ಆಂಪ್‌ಗಳು ಒಂದನ್ನೊಂದು ಸುಡುತ್ತವೆ. ಎರಡು ಆಂಪ್ ಅಂದರೆ ಎರಡು ಕ್ಯಾಬಿನೆಟ್, ಅಷ್ಟೇ.

ಇಷ್ಟೆಲ್ಲ ಆದ ಮೇಲೂ ನಾನು ಮಾಡಿದ್ದು ಒಂದೇ ಸದ್ದನ್ನು ಎರಡು ಕಡೆಯಿಂದ ಹೇಳಿಸಿದ್ದು. ಸದ್ದು ದಪ್ಪವಾಯಿತು. ಎರಡು ಪಟ್ಟು ಜೋರೇನೂ ಆಗಲಿಲ್ಲ. ಒಂದೇ ಥರದ ಎರಡು ಆಂಪ್, ಎರಡು ಪೆಟ್ಟಿಗೆ ಸರಿಯಾಗಿ ಸೇರಿಕೊಂಡರೆ ಮಂದ್ರ 6 ಡೆಸಿಬೆಲ್‌ವರೆಗೆ ಏರಬಹುದು. ನಮ್ಮ ಕಿವಿಗೆ ಎರಡು ಪಟ್ಟು ಅನ್ನಿಸಬೇಕಾದರೆ ಸುಮಾರು 10 ಬೇಕು. ಜೋರು ಬೇಕು ಅಂತಲೇ ಎರಡನೇ ಆಂಪ್ ಕೊಳ್ಳುವವರಿಗೆ ನಾನು ಹೇಳುವುದು ಇದೇ: ದುಡ್ಡು ಉಳಿಸಿ.

ಸೀಳುವ ಕೆಲಸ ಆಮೇಲೆ ಶುರುವಾಯಿತು. ಎಲ್ಲಿ ಸೀಳಬೇಕು? ಇದನ್ನು ಯೋಚಿಸುವಾಗ ನನಗೆ ನೆನಪಾದದ್ದು ಅಜ್ಜಿಮನೆಯ ಟ್ರಾನ್ಸಿಸ್ಟರ್ ರೇಡಿಯೋ. ಇಳಯರಾಜ ಅವರು 80ರ ದಶಕದಲ್ಲಿ ಕನ್ನಡ ಸಿನಿಮಾಗಳಿಗೆ ಮಾಡಿದ ಹಾಡುಗಳನ್ನು ನಾನು ಮೊದಲು ಕೇಳಿದ್ದು ಅದರಲ್ಲೇ. ಬೇಸ್ ಗಿಟಾರ್ ಅನ್ನುವ ಪದ ಗೊತ್ತಿಲ್ಲದ ವಯಸ್ಸಿನಲ್ಲೂ, ಹಾಡಿನ ಕೆಳಗೆ ಇನ್ನೊಂದು ಹಾಡು ನಡೆದು ಹೋಗುತ್ತಿದೆ ಅಂತ ಗೊತ್ತಾಗುತ್ತಿತ್ತು. ಆದರೆ ಅಂಗೈ ಅಗಲದ ಆ ಸ್ಪೀಕರಿಗೆ 41 ಇರಲಿ, 100 ಹರ್ಟ್ಜ್ ನುಡಿಯುವುದೂ ಕಷ್ಟ. ಹಾಗಾದರೆ ನನಗೆ ಕೇಳಿಸಿದ್ದು ಏನು?

ಒಂದು ತಂತಿ 41ರಲ್ಲಿ ಕಂಪಿಸುವಾಗ ಅದರ ಜೊತೆಗೇ 82, 123, 164 ಅಂತ ಮರಿಗಳೂ ಹುಟ್ಟುತ್ತವೆ. ತಾಯಿ ಕಾಣದಿದ್ದರೂ ಮರಿಗಳ ನಡುವಿನ ಅಂತರ ನೋಡಿ ಮಿದುಳು ತಾಯಿಯನ್ನು ಊಹಿಸಿಕೊಳ್ಳುತ್ತದೆ. ಸ್ವರ ಯಾವುದು ಅಂತ ಗೊತ್ತಾಗುವುದು ಮರಿಗಳಿಂದ. ಎದೆಗೆ ತಾಗುವುದು ತಾಯಿ. ಟ್ರಾನ್ಸಿಸ್ಟರ್ ನನಗೆ ಕೊಟ್ಟದ್ದು ಬರೀ ಮೇಲಿನ ಕ್ಯಾಬಿನೆಟ್. ಕೆಳಗಿನದ್ದನ್ನು ನಾನೇ ತಲೆಯಲ್ಲಿ ಕಟ್ಟಿಕೊಂಡಿದ್ದೆ.

ಈ ಲೆಕ್ಕ ಹಿಡಿದು ನೋಡಿದೆ. ನನ್ನ ಬೇಸ್‌ನಲ್ಲಿ 20 ಫ್ರೆಟ್. ಅತಿ ಮೇಲಿನ ಸ್ವರವೂ 311 ಹರ್ಟ್ಜ್ ದಾಟುವುದಿಲ್ಲ. ನಾನು ಸಾಮಾನ್ಯವಾಗಿ ಓಡಾಡುವ ಜಾಗ 200ರ ಕೆಳಗೇ. ಹಾಗಾಗಿ 250ರ ಹತ್ತಿರ ಸದ್ದನ್ನು ಎರಡಾಗಿ ಸೀಳುವ ಕ್ರಾಸ್‌ಓವರ್ ಇಟ್ಟೆ. ಅದರ ಕೆಳಗಿನದ್ದು 15 ಇಂಚಿಗೆ, ಶುದ್ಧವಾಗಿ, ಯಾವ ಪೆಡಲೂ ಇಲ್ಲದೆ. ಮೇಲಿನದ್ದು 10 ಇಂಚಿನ ಜೋಡಿಗೆ, ಡಿಸ್ಟಾರ್ಷನ್ ಹಾಕಿ. ಮಂದ್ರ ಮೊದಲೇ ಬೇರೆಯಾಗಿರುವುದರಿಂದ ಡಿಸ್ಟಾರ್ಷನ್ ಅಂಬಲಿಯಾಗುವುದಿಲ್ಲ. ಗರಿಗರಿಯಾಗಿ, ಚಕ್ಕುಲಿ ಮುರಿದ ಹಾಗೆ ಬರುತ್ತದೆ. ಕೆಳಗೆ ನೆಲ ಗಟ್ಟಿಯಾಗಿ ಕೂತಿರುತ್ತದೆ. ಗಿಟಾರಿಸ್ಟ್ ಸೋಲೋಗೆ ಹತ್ತಿದಾಗ ಗುಂಡಿ ಬೀಳಲಿಲ್ಲ. ಅವನು ತಿರುಗಿ ನೋಡಿದ. ಬೇಸ್ ನುಡಿಸುವವನ ಜೀವನದಲ್ಲಿ ಗಿಟಾರಿಸ್ಟ್ ತಿರುಗಿ ನೋಡುವುದು ವರ್ಷಕ್ಕೆ ಒಂದೆರಡು ಸಲ.

ಇಲ್ಲೂ ಒಂದು ಕೊಕ್ಕೆ ಇತ್ತು. ನನ್ನ ಡಿಸ್ಟಾರ್ಷನ್ ಪೆಡಲ್ ಡಿಜಿಟಲ್. ಯೋಚಿಸಲು ಅದಕ್ಕೆ ಒಂದೆರಡು ಮಿಲಿಸೆಕೆಂಡ್ ಬೇಕು. ಎರಡು ಮಿಲಿಸೆಕೆಂಡಿನಲ್ಲಿ ಸದ್ದು ಗಾಳಿಯಲ್ಲಿ ಎರಡಡಿಗಿಂತ ಸ್ವಲ್ಪ ಜಾಸ್ತಿ ನಡೆಯುತ್ತದೆ. ಅಂದರೆ ಮೇಲಿನ ಕ್ಯಾಬಿನೆಟ್ಟನ್ನು ಎರಡಡಿ ಹಿಂದೆ ಇಟ್ಟ ಹಾಗೆ. ಲೆಕ್ಕ ಹಾಕಿದರೆ ಅಷ್ಟು ತಡಕ್ಕೆ ಎರಡೂ ಸದ್ದು ಎದುರುಬದುರಾಗುವುದು ಸರಿಯಾಗಿ 250 ಹರ್ಟ್ಜ್‌ನಲ್ಲಿ. ನಾನು ಸೀಳಿದ ಜಾಗದಲ್ಲೇ! ಅಲ್ಲಿ ಒಂದು ತೂತು ಬಿದ್ದು, ಸದ್ದು ಮೂಗು ಕಟ್ಟಿದವರ ಮಾತಿನ ಹಾಗೆ ಆಗಿತ್ತು. ಈಗ ಏನು ಮಾಡಿದೆ ಹೇಳಿ? ಕೆಂಪು ಟೇಪಿನ ಕೇಬಲ್ ತೆಗೆದೆ. ಮಾಮೂಲಿ ಕೇಬಲ್ ಹಾಕಿದೆ. ಸರಿಹೋಯಿತು. ಮೂರು ವಾರದ ಹಿಂದೆ ಯಾವುದು ತಪ್ಪಾಗಿತ್ತೋ ಅದೇ ಈಗ ಸರಿ. ಈ ವಿಷಯದಲ್ಲಿ ಪುಸ್ತಕದ ನಿಯಮ ಹಿಡಿದು ಕೂತರೆ ಆಗುವುದಿಲ್ಲ. ಒಂದು ಸಲ ಹಾಗೆ, ಒಂದು ಸಲ ಹೀಗೆ ಹಾಕಿ ಕೇಳಬೇಕು. ಯಾವುದರಲ್ಲಿ ಹೊಟ್ಟೆ ತುಂಬಿದ ಹಾಗಿದೆಯೋ ಅದನ್ನು ಇಟ್ಟುಕೊಳ್ಳಬೇಕು.

ಆಮೇಲೆ ಒಂದು ಕಾಲೇಜು ಕಾರ್ಯಕ್ರಮ, ಬಯಲಿನಲ್ಲಿ. ಎರಡೂ ಕ್ಯಾಬಿನೆಟ್, ಎರಡು ಹೆಡ್ ಗಾಡಿಯಲ್ಲಿ ಹೇರಿಕೊಂಡು ಹೋದೆವು. ಇಳಿಸುವಾಗ ನನ್ನ ಸೊಂಟ ಹೇಳಿದ್ದನ್ನು ಇಲ್ಲಿ ಬರೆಯಲಾಗುವುದಿಲ್ಲ. ಹಿಂದಿನವರ ಕಷ್ಟದ ಮುಂದೆ ಇದೇನೂ ಅಲ್ಲ. 1969ರಲ್ಲಿ ಬಂದ ಆಂಪೆಗ್ ಎಸ್‌ವಿಟಿಯ ಹೆಡ್ ಒಂದೇ 38 ಕೆ.ಜಿ. ಹತ್ತಿರ. 300 ವಾಟ್, 14 ವಾಲ್ವ್. ಅದರ ಜೊತೆ ತಲಾ ಎಂಟು ಸ್ಪೀಕರಿನ ಎರಡು ಕ್ಯಾಬಿನೆಟ್. ಆ ಕ್ಯಾಬಿನೆಟ್‌ಗೆ ಫ್ರಿಜ್ ಅಂತಲೇ ಅಡ್ಡಹೆಸರು.

ವೇದಿಕೆಯ ಮೇಲೆ ಎಲ್ಲ ಜೋಡಿಸಿ ಹೆಮ್ಮೆಯಿಂದ ನಿಂತಿದ್ದೆ. ಸೌಂಡ್‌ನವರು ಬಂದು ವಾದ್ಯದ ಸಿಗ್ನಲ್ಲನ್ನು ಸೀದಾ ಮಿಕ್ಸರಿಗೆ ಕಳಿಸುವ ಒಂದು ಸಣ್ಣ ಡಿಐ ಬಾಕ್ಸ್ ನನ್ನ ಕಾಲ ಬಳಿ ಇಟ್ಟರು.

"ಸಾರ್, ಬೇಸ್‌ಗೆ ಒಂದೇ ಚಾನೆಲ್ ಇರೋದು. ಗಿಟಾರಿಂದ ಸೀದಾ ಇದಕ್ಕೆ ಕೊಡಿ."

"ಮೇಲಿನ ಕ್ಯಾಬ್‌ಗೆ ಒಂದು ಮೈಕ್ ಇಡೋಕಾಗಲ್ವಾ?"

"ಮೈಕ್ ಇದೆ ಸಾರ್, ಆದ್ರೆ ಪ್ರಿನ್ಸಿಪಾಲ್ ಭಾಷಣಕ್ಕೆ ಬೇಕು."

ಹೀಗೆ ಜನರಿಗೆ ಹೋದದ್ದು ಬೇಸ್‌ನ ಬರೀ ಹಸಿ ಸದ್ದು. ನನ್ನ ಕ್ರಾಸ್‌ಓವರ್, ನನ್ನ ಚಕ್ಕುಲಿ, ಯಾವುದೂ ಮೈದಾನಕ್ಕೆ ಇಳಿಯಲಿಲ್ಲ. ಮೂರನೇ ಹಾಡಿನಲ್ಲಿ ಮೇಲಿನ ಆಂಪ್‌ನ ಫ್ಯೂಸ್ ಹೋಯಿತು. ಯಾರಿಗೂ ಗೊತ್ತಾಗಲಿಲ್ಲ. ಡ್ರಮ್ಮರ್‌ಗೆ ಗೊತ್ತಾಗಲಿಲ್ಲ. ಎರಡು ಮಾರು ದೂರದಲ್ಲಿದ್ದ ಗಿಟಾರಿಸ್ಟ್‌ಗೂ ಗೊತ್ತಾಗಲಿಲ್ಲ. ಮುಗಿದ ಮೇಲೆ ಇಬ್ಬರೂ ಬಂದು "ಇವತ್ತು ಸಖತ್ತಾಗಿತ್ತು ಮಗಾ" ಅಂದರು.

ನನಗೆ ಮಾತ್ರ ಗೊತ್ತಾಯಿತು. ಕಿವಿಗಿಂತ ಮೊದಲು ಕೈಗೆ. ಮೇಲಿನ ಸದ್ದು ಹೋದ ಕ್ಷಣದಿಂದ ನನ್ನ ಬಲಗೈ ಜೋರಾಗಿ ಮೀಟಲು ಶುರು ಮಾಡಿತ್ತು. ನನ್ನ ಮಾತು ನನಗೇ ಕೇಳಿಸುತ್ತಿಲ್ಲ ಅಂದಾಗ ಕಿರುಚುತ್ತೇವಲ್ಲ, ಹಾಗೆ. ಸಣ್ಣ ಸಣ್ಣ ತಿರುವುಗಳನ್ನು ಬಿಟ್ಟುಬಿಟ್ಟೆ. ಕೊನೆಯ ಹಾಡಿನ ಹೊತ್ತಿಗೆ ಬೆರಳ ತುದಿಯಲ್ಲಿ ಬೊಬ್ಬೆ. ಮನೆಗೆ ಬಂದು ಯಾರೋ ಫೋನಿನಲ್ಲಿ ತೆಗೆದ ವಿಡಿಯೋ ನೋಡಿದೆ. ಮೊದಲ ಎರಡು ಹಾಡಿನಲ್ಲಿ ನಾನು ತಾಳದ ಮೇಲೆ ಕೂತಿದ್ದೇನೆ. ಮೂರನೆಯದರ ನಡುವಿನಿಂದ ತಾಳದ ಮುಂದೆ ಓಡುತ್ತಿದ್ದೇನೆ. ಜನ ಎರಡು ಆಂಪ್‌ಗಳ ಸದ್ದು ಕೇಳಲಿಲ್ಲ. ಎರಡು ಆಂಪ್ ಇದ್ದಾಗ ನಾನು ನುಡಿಸುವ ರೀತಿ ಕೇಳಿದರು.

ಇದನ್ನು ಒಪ್ಪಿಕೊಳ್ಳಲು ಸ್ವಲ್ಪ ದಿನ ನಾಚಿಕೆಯಾಗಿತ್ತು. ಇಷ್ಟು ದುಡ್ಡು, ಇಷ್ಟು ಭಾರ, ಬರೀ ನನಗೋಸ್ಕರವಾ ಅಂತ. 'ರಶ್' ಬ್ಯಾಂಡಿನ ಬೇಸ್ ವಾದಕ ಗೆಡ್ಡಿ ಲೀ ಒಂದು ಕಾಲಕ್ಕೆ ವೇದಿಕೆಯ ಆಂಪ್‌ಗಳನ್ನೇ ಬಿಟ್ಟು ಸೀದಾ ಲೈನ್ ಕೊಡಲು ಶುರು ಮಾಡಿದರು. ಹಿಂದೆ ಖಾಲಿ ಕಾಣುತ್ತದೆ ಅಂತ 2002ರ ಪ್ರವಾಸದಲ್ಲಿ ಬಟ್ಟೆ ಒಣಗಿಸುವ ಮೆಷಿನ್ ಸಾಲಾಗಿ ಇಡಿಸಿದರು. ಆಮೇಲೊಂದು ಪ್ರವಾಸದಲ್ಲಿ ಕೋಳಿ ಸುಡುವ ಒಲೆ. ಅವರಿಗೆ ಸಾಧ್ಯ. ನನಗೆ ಬೆನ್ನ ಹಿಂದೆ ಗಾಳಿ ಅಲುಗಬೇಕು. ಈಗ ಎರಡು ಆಂಪ್‌ನ ಕೆಲಸವನ್ನು ಒಂದೇ ಪೆಡಲ್‌ನಲ್ಲಿ ಮಾಡುವ ಯಂತ್ರಗಳು ಬಂದಿವೆ. ಒಂದನ್ನು ಗೆಳೆಯನಿಂದ ತಂದು ಎರಡು ವಾರ ಬಳಸಿದೆ. ಹೆಡ್‌ಫೋನಿನಲ್ಲಿ ಅದ್ಭುತ. ಕೋಣೆಯಲ್ಲಿ, ಡ್ರಮ್ಸ್ ಪಕ್ಕದಲ್ಲಿ, ಯಾರೋ ನನ್ನ ಪರವಾಗಿ ಮಾತಾಡಿದ ಹಾಗಿತ್ತು. ವಾಪಸ್ ಕೊಟ್ಟೆ.

ಮಾವ ಈಗ ಕಚೇರಿ ಮಾಡುವುದಿಲ್ಲ, ವಯಸ್ಸಾಯಿತು. ಹೋದ ದೀಪಾವಳಿಗೆ ಬಂದಾಗ ಕೋಣೆಗೆ ಕರೆದುಕೊಂಡು ಹೋಗಿ ಕೇಳಿಸಿದೆ. ಕೆಳಗಿನದ್ದು ಒಂದನ್ನೇ, ಮೇಲಿನದ್ದು ಒಂದನ್ನೇ, ಆಮೇಲೆ ಎರಡನ್ನೂ. ಕಣ್ಣು ಮುಚ್ಚಿ ಕೂತಿದ್ದರು. ಏನೋ ದೊಡ್ಡ ಮಾತು ಬರುತ್ತದೆ ಅಂತ ಕಾದೆ. "ಎಡ ಬಲ ಎರಡೂ ಚೆನ್ನಾಗಿದೆ ಕಣೋ," ಅಂದರು. "ಇಷ್ಟು ಜೋರಾಗಿ ಯಾಕೆ?"

ಅವತ್ತು ಸಂಜೆ ಸುಮ್ನೆ ಒಂದು ಟೇಪ್ ಹಿಡಿದು ಕೋಣೆ ಅಳೆದೆ. ಒಂದು ಗೋಡೆಯಿಂದ ಇನ್ನೊಂದಕ್ಕೆ ಹತ್ತಡಿ ಎರಡಿಂಚು. ತೆರೆದ ಎ ತಂತಿ 55 ಹರ್ಟ್ಜ್. ಅದರ ಅರ್ಧ ಅಲೆಯ ಉದ್ದ ಸರಿಸುಮಾರು ಅಷ್ಟೇ. ಎ ಸ್ವರ ಆ ಎರಡು ಗೋಡೆಗಳ ನಡುವೆ ತೊಟ್ಟಿಲಲ್ಲಿ ಕೂತ ಮಗುವಿನ ಹಾಗೆ ಕೂತುಬಿಡುತ್ತದೆ. ಗೋಡೆ ತುಂಬ ಅಂಟಿಸಿದ ಮೊಟ್ಟೆ ಟ್ರೇಗಳು ಅದನ್ನು ಕೇಳುವುದೂ ಇಲ್ಲ. ಹಾಗಾಗಿ 15 ಇಂಚಿನ ಪೆಟ್ಟಿಗೆಯನ್ನು ಗೋಡೆಯಿಂದ ನಡುಭಾಗಕ್ಕೆ ಎಳೆದೆ. ಕೆಳಗಿನ ಆಂಪ್‌ಗೆ ಮಾತ್ರ ಬೇಕಾದ ಸ್ವರದ ಜಾಗವನ್ನಷ್ಟೇ ಏರಿಸಿ ಇಳಿಸುವ ಒಂದು ಇಕ್ಯೂ ಹಾಕಿ 55ರ ಸುತ್ತ ತಗ್ಗಿಸಿದೆ. ಮೇಲಿನದ್ದನ್ನು ಮುಟ್ಟಲಿಲ್ಲ. ಎ ಸ್ವರದ ಮಾತು ಹಾಗೆಯೇ ಉಳಿಯಿತು.

ಮೊನ್ನೆ ಆಂಟಿ ಬಾಡಿಗೆಗೆ ಬಂದಾಗ ವಿಚಾರಿಸಿದೆ. ಡಬ್ಬಿಗಳು ಈಗ ಸುಮ್ನಿವೆಯಂತೆ. ಒಂದು ಮಾತ್ರ ಇನ್ನೂ ಮಾತಾಡುತ್ತದಂತೆ.

"ಅದರಲ್ಲಿ ಏನಿದೆ ಆಂಟಿ?"

"ಕಡಲೆಬೇಳೆ. ಅರ್ಧ ಖಾಲಿ ಆಗಿದೆ."

ತುಂಬಿಸಿ ನೋಡಿ ಅಂದೆ.